ವಾಸಿಯಾದ ಕಿಟಕಿ ಅಜ್ಜಿಯನ್ನು ಮತ್ತೆ ಕೆಡಿಸಿಕೊಡುವ ಕುರಿತು

ನಗರಾಲಂಕಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಅದರಲ್ಲೂ ಹಾಡಹಗಲಲ್ಲಿ ಟಾರ್ಚ್ ಹಿಡಿದು ನಮ್ಮ ಉಗ್ರಾಣಕ್ಕೆ ದಯಮಾಡಿಸಿದ ಮಾನ್ಯರೇ,

ನೀವು ಉದ್ಯಾನದ ಕಿಟಕಿ ಅಜ್ಜಿಯ ಕೈಯನ್ನು ರಿಪೇರಿ ಮಾಡಿಸಿದ್ದೀರಿ. ಹನ್ನೊಂದು ವರ್ಷಗಳಿಂದ ಅರ್ಧಕ್ಕೆ ನಿಂತು, ಸ್ವಲ್ಪ ಯೋಚಿಸಿ, ಆಮೇಲೆ ಮುಂದುವರಿಯುತ್ತಿದ್ದ ಆ ಕೈ ಈಗ ಎಲ್ಲಿಯೂ ನಿಲ್ಲದೆ ನಿಮಿಷಕ್ಕೆ ಹದಿನೆಂಟು ಸಲ ಸರಾಗವಾಗಿ ಆಡುತ್ತಿದೆ. ಇದೇ ನನ್ನ ದೂರು. ದಯವಿಟ್ಟು ಅದನ್ನು ಮತ್ತೆ ಕೆಡಿಸಿಕೊಡಿ. ಆ ಕೈ ಇಷ್ಟು ವರ್ಷ ಕೆಟ್ಟೇ ಇರಲು ಬಿಟ್ಟದ್ದಕ್ಕಾಗಿ ನನ್ನ ತಮ್ಮನ ಮೇಲೆ ಹೊರಡಿಸಿರುವ ನೋಟಿಸನ್ನೂ ಹಿಂದಕ್ಕೆ ಪಡೆಯಿರಿ. ಕೆಟ್ಟದ್ದನ್ನು ಸರಿಮಾಡಿಸಿ ಎನ್ನುವ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಮೊಳದುದ್ದ ಬಿದ್ದಿರುತ್ತವೆ. ಸರಿಹೋದದ್ದನ್ನು ಕೆಡಿಸಿ ಎನ್ನುವುದು ಇದೇ ಮೊದಲಿರಬಹುದು. ಕ್ರಮಪ್ರಕಾರವೇ ಕೇಳೋಣವೆಂದು ಕಳೆದ ಸೋಮವಾರ ನಿಮ್ಮ ಕಚೇರಿಯ ಮೂರನೇ ಕೌಂಟರಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಅಲ್ಲಿದ್ದವರು ನನ್ನ ಮಾತನ್ನು ಎರಡು ಸಲ ಹೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, "ಅದಕ್ಕೆ ಫಾರಂ ಇಲ್ಲಮ್ಮ. ಫಾರಂ ಇರೋ ತೊಂದ್ರೆ ಯಾವ್ದಾದ್ರೂ ಇದ್ರೆ ತನ್ನಿ" ಎಂದರು. ಅಂಥ ತೊಂದರೆ ಸದ್ಯಕ್ಕೆ ಮನೆಯಲ್ಲಿ ಇಲ್ಲದ ಕಾರಣ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಊರಿಗೆ ಹೊಸದಾಗಿ ಬಂದವರೂ ಇದನ್ನು ಓದುತ್ತಾರೆ, ನೀವೂ ಬಂದು ಇನ್ನೂ ಎಂಟೇ ತಿಂಗಳು. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕು. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ನಮ್ಮ ನಗರದ ಹಬ್ಬಕ್ಕೆ ಉದ್ಯಾನದ ಉದ್ದಕ್ಕೂ ನಿಲ್ಲಿಸುವ ಆಕೃತಿಗಳು ಅರವತ್ತೆರಡು. ಡೋಲು ಬಾರಿಸುವ ಕರಡಿ, ಎಲ್ಲಿಗೂ ಹೋಗದ ರೈಲು, ಏರಿ ಇಳಿಯುವ ಚಂದ್ರ, ಒಂದೇ ಕೊಡೆಯನ್ನು ಬಿಚ್ಚಿ ಮುಚ್ಚುವ ಗಂಡ ಹೆಂಡತಿ, ಹೀಗೆ. ದೊಡ್ಡ ಗೇಟಿನ ಪಕ್ಕದಲ್ಲಿ ಪ್ಲೈವುಡ್ಡಿನ ಎರಡಂತಸ್ತಿನ ಮನೆಯೊಂದರ ಮುಂಭಾಗವಿದೆ. ಅದರ ಮಹಡಿಯ ಕಿಟಕಿಯಲ್ಲಿ ಬಿಳಿ ಕೂದಲನ್ನು ಗಂಟು ಹಾಕಿಕೊಂಡು, ಬಣ್ಣದಲ್ಲೇ ಬರೆದ ಹಸಿರು ಸ್ವೆಟರ್ ತೊಟ್ಟು ನಿಂತಿರುವವಳೇ ಕಿಟಕಿ ಅಜ್ಜಿ. ಬಂದವರಿಗೆಲ್ಲ ಕೈ ಬೀಸುವುದೊಂದೇ ಅವಳ ಕೆಲಸ. ನಾನು ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡ್ ಬರೆಯುವವಳು. ಹಬ್ಬಕ್ಕೆ ಆರು ವಾರ ಮುಂಚೆ ಈ ಅರವತ್ತೆರಡಕ್ಕೂ ಬಣ್ಣ ಹೊಡೆಯುವ ಕೆಲಸ ಹದಿನಾರು ವರ್ಷಗಳಿಂದ ನನ್ನದು. ನನ್ನ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಕೃತಿಗಳಲ್ಲಿ ಆಡುವುದು, ತಿರುಗುವುದು, ಏರಿಳಿಯುವುದು ಏನಿದ್ದರೂ ಹೋದ ತಿಂಗಳವರೆಗೆ ಅವನ ಸುಪರ್ದಿನಲ್ಲಿತ್ತು.

ಜನಕ್ಕೆ ಹಬ್ಬವೆಂದರೆ ಹತ್ತು ದಿನ. ಉಳಿದ ದಿನಗಳಲ್ಲಿ ಈ ಅರವತ್ತೆರಡು ಮಂದಿ ನೀರಿನ ಟ್ಯಾಂಕಿನ ಹಿಂದಿರುವ ಉಗ್ರಾಣದಲ್ಲಿ ಮುಖಕ್ಕೆ ಹಳೇ ಬೆಡ್‌ಶೀಟು ಸುತ್ತಿಕೊಂಡು ಮಲಗಿರುತ್ತಾರೆ. ಎಬ್ಬಿಸುವುದೇನು ಸುಲಭವಲ್ಲ. ಕರಡಿಯ ಡೋಲಿನೊಳಗೆ ಇಲಿಗಳು ಪ್ರತಿ ವರ್ಷ ಸಂಸಾರ ಹೂಡಿರುತ್ತವೆ. ತೇವಕ್ಕೆ ಪ್ಲೈವುಡ್ಡಿನ ಅಂಚು ಪುಸ್ತಕದ ಹಾಳೆಗಳಂತೆ ಬಿಟ್ಟುಕೊಂಡಿರುತ್ತದೆ; ಅದಕ್ಕೆ ಗೋಂದು ತುಂಬಿ, ಹಲಗೆ ಕಟ್ಟಿ, ಎರಡು ದಿನ ಅಮುಕಿಡಬೇಕು. ನಾಲ್ಕು ಸಾವಿರ ಬಲ್ಬುಗಳನ್ನು ಒಂದೊಂದಾಗಿ ಹೊತ್ತಿಸಿ ನೋಡಬೇಕು. ಮಕ್ಕಳು ಮುಟ್ಟಿ ಮುಟ್ಟಿ ಕರಡಿಯ ಮೂಗಿನ ಬಣ್ಣ ಮರದವರೆಗೂ ಸವೆದಿರುತ್ತದೆ, ಅದಕ್ಕೆ ನಾಲ್ಕು ಕೋಟು ಬೇಕು. ಉಗ್ರಾಣ ಕಾಯುವವರನ್ನು ನಾವು ಬೀಗದ ಮಾವ ಎಂದು ಕರೆಯುತ್ತೇವೆ. ಪ್ರತಿ ವರ್ಷ ಬಾಗಿಲು ತೆರೆದ ಕೂಡಲೇ ಅವರು, "ಎಲ್ರೂ ಚೆನ್ನಾಗಿದೀರೇನಪ್ಪಾ?" ಎಂದು ಒಳಗೆ ಕೂಗುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ಚೆನ್ನಾಗಿದಾರೆ, ಬನ್ನಿ" ಎನ್ನುತ್ತಾರೆ.

ಅಂಥ ಜಾಗಕ್ಕೆ ಕಳೆದ ತಿಂಗಳು ನೀವು ಬಂದಿರಿ. ನಿಮ್ಮ ಸ್ಥಾನದಲ್ಲಿದ್ದವರು ಯಾರೂ ಇದುವರೆಗೆ ಉಗ್ರಾಣದ ಹೊಸ್ತಿಲು ದಾಟಿರಲಿಲ್ಲ. ಅವರೆಲ್ಲ ಉದ್ಘಾಟನೆಯ ರಿಬ್ಬನ್ನಿನ ಆಚೆಗೇ ಉಳಿದವರು. ಆದ್ದರಿಂದ ನಿಮ್ಮ ಬಗ್ಗೆ ನಮಗೆ ನಿಜವಾಗಿಯೂ ಗೌರವವಿದೆ. ಪಟ್ಟಿ ಹಿಡಿದು, ಅರವತ್ತೆರಡನ್ನೂ ಮುಟ್ಟಿ ನೋಡಿದಿರಿ, ಆಡುವವುಗಳನ್ನೆಲ್ಲ ಆಡಿಸಿ ನೋಡಿದಿರಿ. ಚಂದ್ರನ ಹಿಂದಿನ ಆಕಾಶಕ್ಕೆಂದು ನಾನು ಕಲಸಿಟ್ಟಿದ್ದ ನೀಲಿ ಬಣ್ಣದ ತಟ್ಟೆಯಲ್ಲಿ ಕಾಲಿಟ್ಟರೂ ತಪಾಸಣೆ ನಿಲ್ಲಿಸಲಿಲ್ಲ. ನಿಮ್ಮ ಬಲಗಾಲಿನ ನೀಲಿ ಹೆಜ್ಜೆಗಳು ರೈಲಿನ ಡಬ್ಬಿಯಿಂದ ಬಾಗಿಲವರೆಗೆ ಇನ್ನೂ ಇವೆ. ಬೀಗದ ಮಾವ ಅವುಗಳನ್ನು ಒರೆಸಲು ಒಪ್ಪುತ್ತಿಲ್ಲ, "ಸಾಹೇಬ್ರು ಬಂದಿದ್ರು ಅನ್ನೋದಕ್ಕೆ ಬೇರೆ ಏನಿದೆ?" ಎನ್ನುತ್ತಾರೆ. ಏನಿದೆ ಎಂಬುದು ವಾರದ ನಂತರ ಗೊತ್ತಾಯಿತು. ನಿಮ್ಮ ವರದಿ ಬಂತು.

ವರದಿಯ ಒಂಬತ್ತನೇ ಪುಟದಲ್ಲಿ ಹೀಗಿದೆ: "ಕ್ರಮಸಂಖ್ಯೆ ನಲವತ್ತರ ವೃದ್ಧ ಮಹಿಳೆಯ ಆಕೃತಿಯು ಕೈ ಬೀಸುವಾಗ ಪ್ರತಿ ಸುತ್ತಿನಲ್ಲಿಯೂ ಸುಮಾರು ಎರಡು ಸೆಕೆಂಡುಗಳ ಕಾಲ ಅನುಮಾನಾಸ್ಪದವಾಗಿ ನಿಲ್ಲುವುದು ಕಂಡುಬಂದಿರುತ್ತದೆ." ಕ್ರಮಸಂಖ್ಯೆ ನಲವತ್ತು! ಇಡೀ ಊರು ಅಜ್ಜಿ ಎನ್ನುವವಳನ್ನು ನೀವು ಸಂಖ್ಯೆಯಿಂದ ಕರೆದದ್ದಕ್ಕೆ ನನಗೆ ಬೇಸರವಿಲ್ಲ, ಕಚೇರಿಯ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಅನುಮಾನಾಸ್ಪದ ಎಂದರೇನು ಸ್ವಾಮಿ? ಮುದುಕಿಯೊಬ್ಬಳು ಕೈ ಎತ್ತಿ ಎರಡು ಸೆಕೆಂಡು ತಡೆದರೆ ಅವಳ ಮೇಲೆ ಏನೆಂದು ಅನುಮಾನ ಪಡಬೇಕು? ಎರಡು ಸೆಕೆಂಡು ನಿಲ್ಲುವುದೇ ದೋಷವಾದರೆ, ನಮ್ಮ ಬೀದಿಯ ಚರಂಡಿಯ ಅರ್ಜಿ ನಿಮ್ಮ ಪಕ್ಕದ ವಿಭಾಗದಲ್ಲಿ ಹದಿನಾಲ್ಕು ತಿಂಗಳಿಂದ ನಿಂತಿದೆ. ನಿಮ್ಮ ಕಚೇರಿಯ ಲಿಫ್ಟು ಎರಡನೇ ಮಹಡಿ ಮತ್ತು ಮೂರನೇ ಮಹಡಿಯ ನಡುವೆ ದಿನಕ್ಕೊಮ್ಮೆ ನಿಂತು ಧ್ಯಾನ ಮಾಡುತ್ತದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂಬ ಮಾತು ನಾನು ಹೋದಾಗಲೆಲ್ಲ ಅದೇ ಜಾಗದಲ್ಲಿ ನಿಂತಿರುತ್ತದೆ. ಇವುಗಳಿಗೆಲ್ಲ ಇಲ್ಲದ ಚಿಕಿತ್ಸೆ ನಾಲ್ಕೇ ದಿನದಲ್ಲಿ ನಮ್ಮ ಅಜ್ಜಿಗೆ ದೊರೆಯಿತು. ಹೊರಗಿನಿಂದ ತಂತ್ರಜ್ಞರು ಬಂದರು, ಹೊಸ ಮೋಟಾರು ಬಂತು, ಹೊಸ ಹಲ್ಲಿನ ಚಕ್ರಗಳು ಬಂದವು. ಹಳೆಯ ಚಕ್ರ ಒಂದು ಕಂದು ಕವರಿನೊಳಗೆ ಹೋಗಿ, ಅರಗಿನ ಮುದ್ರೆ ಹಾಕಿಸಿಕೊಂಡು, ಸಾಕ್ಷ್ಯವೆಂಬ ಹೆಸರಿನಲ್ಲಿ ನಿಮ್ಮ ಬೀರು ಸೇರಿತು.

ಏಕೆಂದರೆ ಆ ಚಕ್ರದಲ್ಲಿ ನಾಲ್ಕು ಹಲ್ಲುಗಳಿರಲಿಲ್ಲ. ಮುರಿದುಹೋಗಿರಲಿಲ್ಲ, ಅರದಿಂದ ಉಜ್ಜಿ ತೆಗೆಯಲಾಗಿತ್ತು. ಅದನ್ನು ನಿಮ್ಮ ತಂತ್ರಜ್ಞರು ಸರಿಯಾಗಿಯೇ ಗುರುತಿಸಿದರು. ಆಮೇಲೆ ನನ್ನ ತಮ್ಮನಿಗೆ ನೋಟಿಸು ಬಂತು: ಉದ್ದೇಶಪೂರ್ವಕವಾಗಿ ಸಾರ್ವಜನಿಕ ಆಕೃತಿಯನ್ನು ದೋಷಯುಕ್ತವಾಗಿ ಇರಿಸಿದ್ದಕ್ಕೆ ಕಾರಣ ತಿಳಿಸಬೇಕು, ಅಲ್ಲಿಯವರೆಗೆ ಹಬ್ಬದ ತಂಡದಿಂದ ಹೊರಗಿರಬೇಕು. ಅವನು ಕಾರಣ ತಿಳಿಸಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಇಟ್ಟುಕೊಂಡು, "ತಪ್ಪು ನನ್ನದೇ" ಎಂದು ಎರಡೇ ಪದ ಬರೆದು ಸಹಿ ಹಾಕಿದ. "ಇಷ್ಟೇನಾ? ಇನ್ನೇನೂ ಬರಿಯಲ್ವಾ?" ಎಂದು ಕೇಳಿದೆ. "ಇನ್ನು ಬರೆದ್ರೆ ನಿನ್ ಹೆಸ್ರು ಬರುತ್ತೆ ಅಕ್ಕ. ಸುಮ್ನಿರು" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಯೇ ಬೆನ್ನು ಒಡ್ಡಿಕೊಂಡು ನಿಂತಿತ್ತು. ಹಾಗಾಗಿ ಆ ಎತ್ತು ಯಾರೆಂದು ನಾನೇ ಹೇಳಿಬಿಡುತ್ತೇನೆ. ನಾನು.

ಹನ್ನೊಂದು ವರ್ಷದ ಹಿಂದೆ, ಹಬ್ಬದ ಉದ್ಘಾಟನೆಗೆ ಒಂದು ದಿನ ಮುಂಚೆ, ಅಜ್ಜಿಯ ಸ್ವೆಟರಿನ ಮೊಣಕೈ ಹತ್ತಿರ ಬಣ್ಣ ಮಂಕಾಗಿ ಕಂಡಿತು. ಕೆಳಗಿನಿಂದ ಯಾರಿಗೂ ಕಾಣುವಂಥದ್ದಲ್ಲ. ಆದರೆ ಬೋರ್ಡ್ ಬರೆಯುವವರ ಜಾತಕವೇ ಹಾಗೆ, ಕೆಲಸ ಮುಗಿದ ಮೇಲೆ ಇನ್ನೊಂದು ಕೈ ಹಾಕದೆ ಮನೆಗೆ ಹೋಗಲಾರೆವು. ಏಣಿ ಹತ್ತಿ, ಎಲ್ಲ ಒಣಗಿದ್ದ ಅಜ್ಜಿಗೆ ಮೊಣಕೈಯಲ್ಲಿ ಇನ್ನೊಂದು ಕೋಟು ವಾರ್ನಿಷ್ ಬಳಿದೆ, ಅದೂ ಧಾರಾಳವಾಗಿ. ಮೊಣಕೈಯ ಸಂದಿನಲ್ಲಿ ಒಂದು ತೂತಿದೆ, ಅದರ ನೇರಕ್ಕೆ ಒಳಗಡೆ ಚಕ್ರಗಳಿವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಟ್ಟೆ ತುರುಕುವುದನ್ನು ಮರೆತೆ. ವಾರ್ನಿಷ್ ಒಳಗೆ ಇಳಿದು ಕಲ್ಲಿನಂತೆ ಗಟ್ಟಿಯಾಯಿತು. ಮರುದಿನ ಬೆಳಿಗ್ಗೆ ತಮ್ಮ ಸ್ವಿಚ್ ಒತ್ತಿದಾಗ ಅಜ್ಜಿಯ ಕೈ ನಡುಗಿತು, ಒಳಗೆ ಟಕ್ ಟಕ್ ಎಂದಿತು, ನೈಲಾನ್ ಚಕ್ರದ ನಾಲ್ಕು ಹಲ್ಲುಗಳು ಕಿತ್ತುಕೊಂಡು ಅವಳ ಸ್ವೆಟರಿನ ತೋಳಿನಿಂದ ಉದುರಿದವು. ತಮ್ಮ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಸಲ ನನ್ನ ಮುಖ ನೋಡಿದ. ಅಷ್ಟರಲ್ಲಿ ಬಂದ ಆಗಿನ ಮೇಲ್ವಿಚಾರಕರಿಗೆ, "ಹಳೇ ಚಕ್ರ ಸಾರ್, ಸವೆದಿತ್ತು, ನಾನೇ ನೋಡ್ಕೋಬೇಕಿತ್ತು" ಎಂದ. ನಾನು ಬ್ರಷ್ ತೊಳೆಯುತ್ತ ನಿಂತಿದ್ದೆ. ಅಲ್ಲ ಎನ್ನಲಿಲ್ಲ. ಹನ್ನೊಂದು ವರ್ಷವೂ ಎನ್ನಲಿಲ್ಲ.

ಬದಲಿ ಚಕ್ರ ಇರಲಿಲ್ಲ. ಸಂಜೆ ಗೇಟು ತೆರೆಯಬೇಕಿತ್ತು. ಗಟ್ಟಿಯಾದ ವಾರ್ನಿಷನ್ನು ಕೆರೆದು ತೆಗೆದು ಅಜ್ಜಿಯನ್ನು ಹಾಗೆಯೇ ಓಡಿಸಿದೆವು. ಮೋಟಾರಿನ ಕಡೆಯ ಚಕ್ರದಲ್ಲಿ ಹಲ್ಲಿಲ್ಲದ ಜಾಗ ಬಂದಾಗ ಹಿಡಿತ ತಪ್ಪುತ್ತದೆ, ಮುಂದಿನ ಹಲ್ಲು ಸಿಗುವವರೆಗೆ ಕೈ ಸುಮ್ಮನಿರುತ್ತದೆ. ಕೆಳಗಿನಿಂದ ನೋಡುವವರಿಗೆ ಕಾಣುವುದೇ ಬೇರೆ. ಅಜ್ಜಿ ಕೈ ಎತ್ತುತ್ತಾಳೆ, ಎದೆಯ ಮಟ್ಟಕ್ಕೆ ಬಂದಾಗ ತಡೆಯುತ್ತಾಳೆ, ಕೈ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಇವರು ನಮ್ಮವರೋ ಅಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಪೂರ್ತಿ ಮೇಲೆತ್ತಿ ಬೀಸುತ್ತಾಳೆ. ಮೊದಲ ದಿನ ಜನ ನಕ್ಕರು. ಎರಡನೇ ದಿನ ಒಬ್ಬ ಹೆಂಗಸು ತನ್ನ ಮಗುವಿಗೆ, "ತಾಳು ಪುಟ್ಟ, ಅಜ್ಜಿಗೆ ನಿನ್ ಗುರ್ತು ಹತ್ಲಿ" ಎನ್ನುವುದು ನನ್ನ ಕಿವಿಗೆ ಬಿತ್ತು. ಮೂರನೇ ದಿನದ ಹೊತ್ತಿಗೆ ಯಾರೂ ಕೈ ಪೂರ್ತಿ ಮೇಲೆ ಹೋಗುವವರೆಗೆ ಗೇಟಿನಿಂದ ಮುಂದೆ ಕದಲುತ್ತಿರಲಿಲ್ಲ. ಕೈ ಮೇಲೆ ಹೋದ ಕೂಡಲೇ ಎಲ್ಲರೂ ಒಟ್ಟಿಗೆ ಕೈ ಬೀಸುತ್ತಿದ್ದರು. ನಾನು ಹದಿನಾರು ವರ್ಷ ಬಳಿದ ಬಣ್ಣವನ್ನು ಯಾರೂ ಹಾಗೆ ನಿಂತು ನೋಡಿಲ್ಲ.

ನಾಲ್ಕನೇ ದಿನ ಅಮ್ಮನನ್ನು ಕರೆದುಕೊಂಡು ಬಂದೆವು. ಇಲ್ಲಿಂದ ಮುಂದಿನದನ್ನು ದಯವಿಟ್ಟು ಫೈಲಿನಂತೆ ಓದಬೇಡಿ. ಆ ಹಬ್ಬಕ್ಕೆ ಹತ್ತು ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಮಾತು ಹಿಂದಕ್ಕೆ ಬಂತು, ನಡಿಗೆ ಬಂತು, ಬಲಗೈ ಮಾತ್ರ ಅರ್ಧ ಬಂತು. ಎತ್ತಬೇಕೆಂದು ಅವಳು ಅಂದುಕೊಂಡ ಮೇಲೆ ಕೈ ಒಪ್ಪಲು ಒಂದೆರಡು ಕ್ಷಣ ಬೇಕು. ನಡುವೆ ನಿಂತು, ನಡುಗಿ, ಆಮೇಲೆ ಏಳುತ್ತದೆ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಊರಿಗೆಲ್ಲ ಬಟ್ಟೆ ಹೊಲಿದ ಕೈ ಅದು, ಸೂಜಿಗೆ ದಾರ ಪೋಣಿಸಲು ಕನ್ನಡಕವನ್ನೂ ಕೇಳದ ಕೈ. ಯಾರಾದರೂ ಬಂದರೆ ಅವಳು ಅದನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಿದ್ದಳು. ಮನೆಗೆ ಬಂದವರು ಹೋಗುವಾಗ ಬಾಗಿಲಿಗೆ ಬರುತ್ತಿರಲಿಲ್ಲ, ಒಳಗಿನಿಂದಲೇ "ಹೂಂ, ಹೋಗ್ಬನ್ನಿ" ಎನ್ನುತ್ತಿದ್ದಳು. ವೈದ್ಯರು ಕೈ ಬಳಸಿದಷ್ಟೂ ಒಳ್ಳೆಯದು ಎಂದಿದ್ದರು. ನಾವು ಹೇಳಿ ನೋಡಿದೆವು, ರೇಗಿ ನೋಡಿದೆವು, ಮೆತ್ತಗಿನ ಚೆಂಡು ತಂದುಕೊಟ್ಟೆವು. ಚೆಂಡು ಮಂಚದ ಕೆಳಗೆ ಸೇರಿತು.

ಗೇಟಿನ ಎದುರು ಬಲಗಡೆಯ ಮೂರನೇ ಬೆಂಚಿನಲ್ಲಿ ಅವಳನ್ನು ಕೂರಿಸಿದೆವು. ಅಜ್ಜಿ ಕೈ ಎತ್ತಿದಳು, ತಡೆದಳು, ಬೀಸಿದಳು. ಅಮ್ಮ ನೋಡಿದಳು. ಇನ್ನೊಂದು ಸಲ ನೋಡಿದಳು. ಏಳೆಂಟು ಸಲವಾದ ಮೇಲೆ, "ಇವಳಿಗೂ ನನ್ ಹಾಗೇ ಆಗಿದೆಯಲ್ಲೇ" ಎಂದಳು. "ಆದ್ರೂ ನೋಡು, ಎಷ್ಟು ಜನದ್ ಮುಂದೆ ಎತ್ತುತಾಳೆ, ನಾಚ್ಕೆನೇ ಇಲ್ಲ ಇವಳಿಗೆ" ಎಂದು ನಕ್ಕಳು. ಆಮೇಲೆ ಶಾಲಿನಿಂದ ಕೈ ಹೊರಗೆ ಬಂತು. ಎತ್ತಿದಳು, ಅದು ನಡುವೆ ನಿಂತಿತು, ಮೇಲೆ ಕಿಟಕಿಯಲ್ಲಿಯೂ ನಿಂತಿತ್ತು, ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಮೇಲೆ ಹೋದವು. ಸುತ್ತ ನೂರಾರು ಜನ ಕೈ ಬೀಸುತ್ತಿದ್ದುದರಿಂದ ಅಮ್ಮನ ಕೈಯನ್ನು ಯಾರೂ ಬೇರೆಯಾಗಿ ನೋಡಲಿಲ್ಲ. ತಮ್ಮ ಪ್ಲೈವುಡ್ ಮನೆಯ ಹಿಂದಿನಿಂದ, ಹಲಗೆಗಳ ಸಂದಿಯಲ್ಲಿ ಇದನ್ನು ನೋಡುತ್ತಿದ್ದ. ಆ ವರ್ಷ ಉಳಿದ ಆರು ದಿನವೂ ಅಮ್ಮ ತಾನೇ ಹೊರಟು ನಿಂತಳು.

ಹಬ್ಬ ಮುಗಿದು ಎರಡು ತಿಂಗಳಿಗೆ ನಿಮ್ಮ ವಿಭಾಗದಿಂದ ಹೊಸ ಚಕ್ರ ಬಂತು. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುವುದು ನಿಮ್ಮ ವಿಭಾಗಕ್ಕಾಗಿಯೇ ಹುಟ್ಟಿದ ಗಾದೆ. ತಮ್ಮ ಅದನ್ನು ಮನೆಗೆ ತಂದು ಒಂದು ಭಾನುವಾರ ಬೆಳಿಗ್ಗೆ ಅರ ಹಿಡಿದು ಕೂತ. ಒಳ್ಳೆಯ ಚಕ್ರದ ನಾಲ್ಕು ಹಲ್ಲುಗಳನ್ನು ಒಂದೊಂದಾಗಿ ಉಜ್ಜಿ ತೆಗೆದ. ಅಂದಿನಿಂದ ಇಂದಿನವರೆಗೆ ಅಂಥ ಮೂರು ಚಕ್ರಗಳಾಗಿವೆ. ನೋಟಿಸಿನಲ್ಲಿ ನೀವು ದೋಷವನ್ನು ಹಾಗೆಯೇ ಬಿಟ್ಟಿದ್ದಾನೆ ಎಂದು ಬರೆದಿದ್ದೀರಿ. ಬಿಡುವುದೆಂದರೇನು ಮಾನ್ಯರೇ, ಬಿಟ್ಟರೆ ದೋಷ ಹಾಗೆಯೇ ಇರುತ್ತದೆಯೇ? ಒಂದು ಹಲ್ಲು ಹೆಚ್ಚು ಹೋದರೆ ಕೈ ಪೂರ್ತಿ ಕೆಳಗೆ ಬೀಳುತ್ತದೆ, ಕಮ್ಮಿಯಾದರೆ ತಡೆದದ್ದೇ ಗೊತ್ತಾಗುವುದಿಲ್ಲ. ಕೈ ಜಾರದಂತೆ ಭುಜದ ಹಿಂದೆ ನಟ್ಟು ಬೋಲ್ಟು ತುಂಬಿದ ಒಂದು ಚೀಲವನ್ನು ತೂಗುಬಿಟ್ಟಿದ್ದಾನೆ. ಹವೆ ತಣ್ಣಗಾದರೆ ಎರಡು ನಟ್ಟು ತೆಗೆಯುತ್ತಾನೆ, ಬಿಸಿಯಾದರೆ ಹಾಕುತ್ತಾನೆ. ಪ್ರತಿ ಸಂಜೆ ಗೇಟು ತೆರೆಯುವ ಮುಂಚೆ ಕೆಳಗೆ ನಿಂತು ಕೈಗಡಿಯಾರ ಹಿಡಿದು ಎಣಿಸುತ್ತಾನೆ. "ಮೂರು ಸೆಕೆಂಡಾದ್ರೆ ಜನ ಕೆಟ್ಟೋಯ್ತು ಅಂತಾರೆ. ಒಂದಾದ್ರೆ ಯಾರೂ ಕಾಯಲ್ಲ" ಎನ್ನುತ್ತಾನೆ. ನಿಮ್ಮ ಅರವತ್ತೆರಡು ಆಕೃತಿಗಳಲ್ಲಿ ಅತ್ಯಂತ ಶ್ರದ್ಧೆಯಿಂದ ನಿರ್ವಹಣೆಯಾಗಿರುವುದು ಈ ಒಂದು ಕೆಟ್ಟ ಕೈ. ನಿರ್ವಹಣೆಯ ಲೋಪಕ್ಕೆಂದು ನೋಟಿಸು ಬಂದದ್ದೂ ಅದಕ್ಕೇ.

ಇನ್ನು ಕಳೆದ ಭಾನುವಾರದ ವಿಷಯ. ಹಬ್ಬಕ್ಕೆ ಮುಂಚಿನ ಪ್ರಯೋಗದ ಓಟಕ್ಕೆ ಪ್ರತಿ ವರ್ಷ ಅಮ್ಮ ಬರುತ್ತಾಳೆ. ಅವಳಿಗೆ ಈಗ ಎಪ್ಪತ್ತೆಂಟು. ಬೇಡ, ಬಿಸಿಲಿದೆ ಎಂದು ನಾನು ತಪ್ಪಿಸಲು ನೋಡಿದೆ. "ವರ್ಷಕ್ಕೊಂದ್ಸಲ ಸಿಗೋ ಸ್ನೇಹಿತೆ ಕಣೇ, ಬಿಸ್ಲೇನು ಮಾಡುತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡಳು. ಅದೇ ಮೂರನೇ ಬೆಂಚು. ಮೊದಲೇ ಕೈ ಹೊರಗಿಟ್ಟುಕೊಂಡು ಕೂತಿದ್ದಳು. ಸ್ವಿಚ್ ಒತ್ತಿದರು. ಕಿಟಕಿ ಅಜ್ಜಿ ನಿಮ್ಮ ಹೊಸ ಮೋಟಾರಿನ ಕೃಪೆಯಿಂದ ಬಸ್ಸಿನ ಗಾಜು ಒರೆಸುವ ಕಡ್ಡಿಯಂತೆ ಅತ್ತ ಇತ್ತ ಆಡತೊಡಗಿದಳು. ಅಮ್ಮ ಕೈ ಎತ್ತಲು ಹೊರಟಳು. ಅದು ನಡುವೆ ನಿಂತಿತು, ಮೇಲೆ ಆ ಹೊತ್ತಿಗೆ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗಿತ್ತು. ಮತ್ತೆ ಪ್ರಯತ್ನಿಸಿದಳು. ಮೂರನೇ ಸಲ ಕೈಯನ್ನು ತೊಡೆಯ ಮೇಲೆ ಇಳಿಸಿಕೊಂಡಳು. ನಾನು ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದು ಹೆದರಿದೆ. ಅವಳು ಎರಡೂ ಮಾಡಲಿಲ್ಲ. "ಅವಳಿಗೆ ವಾಸಿಯಾಯ್ತು ನೋಡೇ. ಪಾಪ, ಒಳ್ಳೇದಾಯ್ತು ಬಿಡು" ಎಂದಳು. ನಿಜವಾದ ಸಂತೋಷದಿಂದಲೇ ಹೇಳಿದಳು, ಹೇಳುತ್ತ ಹೇಳುತ್ತ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಮನೆಗೆ ಬಂದ ಮೇಲೂ ತೆಗೆದಿಲ್ಲ. ನಿನ್ನೆ ಪಕ್ಕದ ಮನೆಯವರು ಬಂದಿದ್ದರು. ಹೊರಡುವಾಗ ಅಮ್ಮ ಒಳಗಿನಿಂದಲೇ "ಹೂಂ, ಹೋಗ್ಬನ್ನಿ" ಎಂದಳು. ಹನ್ನೊಂದು ವರ್ಷದಿಂದ ಕೇಳದಿದ್ದ ಆ ಮಾತು ಕೇಳಿ ನಾನು ಅಡುಗೆಮನೆಯಲ್ಲಿ ಒಲೆ ಆರಿಸಿ ನಿಂತುಬಿಟ್ಟೆ.

ನಿಮ್ಮ ಉತ್ತರ ನನಗೆ ಕಾಣುತ್ತಿದೆ. ಒಬ್ಬ ಮುದುಕಿಗಾಗಿ ಸಾರ್ವಜನಿಕ ಆಕೃತಿಯನ್ನು ಕೆಡಿಸಲು ನಿಯಮದಲ್ಲಿ ಅವಕಾಶವಿಲ್ಲ ಎನ್ನುತ್ತೀರಿ. ಇಂದು ಅಜ್ಜಿಯನ್ನು ಕೆಡಿಸಿದರೆ ನಾಳೆ ಕರಡಿಯ ಕಡೆಯವರು ಬರುತ್ತಾರೆ ಎನ್ನುತ್ತೀರಿ. ಹಾಗಾದರೆ ಒಂದು ಕೆಲಸ ಮಾಡಿ. ಈ ಪತ್ರ ಅಚ್ಚಾದ ದಿನ ಸಂಜೆ ಯಾರಿಗೂ ಹೇಳದೆ ಗೇಟಿನ ಹತ್ತಿರ ಬನ್ನಿ, ಪ್ರಯೋಗದ ಓಟ ದಿನವೂ ನಡೆಯುತ್ತಿದೆ. ಟಾರ್ಚ್ ಬೇಡ, ದೀಪಗಳಿರುತ್ತವೆ. ಜನ ಬರುತ್ತಾರೆ, ಕಿಟಕಿ ನೋಡುತ್ತಾರೆ, ಓ ಆಡುತ್ತಿದೆ ಎಂದು ಫೋನಿನಲ್ಲಿ ಒಂದು ಚಿತ್ರ ಹಿಡಿದು ಮುಂದೆ ಹೋಗುತ್ತಾರೆ. ಯಾರೊಬ್ಬರೂ ನಿಲ್ಲುವುದಿಲ್ಲ, ಯಾರೊಬ್ಬರೂ ವಾಪಸು ಕೈ ಬೀಸುವುದಿಲ್ಲ. ಗುರುತು ಹಿಡಿಯಲು ಎರಡು ಸೆಕೆಂಡು ತೆಗೆದುಕೊಳ್ಳದವಳಿಗೆ ಯಾರು ತಾನೆ ಕೈ ಬೀಸುತ್ತಾರೆ? ನಿಮ್ಮ ಹೊಸ ಮೋಟಾರಿನ ಮೇಲೆ ನನಗೆ ದ್ವೇಷವಿಲ್ಲ. ಅದನ್ನು ಚಂದ್ರನಿಗೆ ಹಾಕಿಸಿ. ಏರುವಾಗ ಅವನು ಕೀರಲು ದನಿಯಲ್ಲಿ ಕಿರುಚುತ್ತಾನೆ, ಮೂರು ವರ್ಷದಿಂದ ನಾವು ಬರೆದುಕೊಡುತ್ತಲೇ ಇದ್ದೇವೆ.

ನನ್ನ ಬೇಡಿಕೆ ಇಷ್ಟೇ. ತಮ್ಮನ ನೋಟಿಸಿನಲ್ಲಿ ಅವನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ವಾರ್ನಿಷ್ ಬಳಿದವಳು ನಾನು, ಬಾಯಿ ಮುಚ್ಚಿಕೊಂಡಿದ್ದವಳೂ ನಾನು. ದಂಡ, ಶಿಕ್ಷೆ, ತಂಡದಿಂದ ಹೊರಹಾಕುವುದು ಏನಿದ್ದರೂ ನನಗಿರಲಿ, ಕರಡಿಯ ಮೂಗನ್ನು ಬೇರೆ ಯಾರಾದರೂ ಬಳಿಯುತ್ತಾರೆ. ಅವನನ್ನು ಉಗ್ರಾಣದೊಳಗೆ ಬಿಡಿ. ನಿಮ್ಮ ಬೀರುವಿನಲ್ಲಿರುವ ಕಂದು ಕವರಿನ ಮುದ್ರೆ ಒಡೆದು ಆ ಚಕ್ರವನ್ನು ಅವನ ಕೈಗೆ ಕೊಡಿ. ಹಳೆಯ ಮೋಟಾರು, ಚಕ್ರ, ನಟ್ಟಿನ ಚೀಲ ಎಲ್ಲ ಸೇರಿ ಅವನಿಗೆ ಅರ್ಧ ಗಂಟೆಯ ಕೆಲಸ. ನಿಯಮದಲ್ಲಿ ಕೆಡಿಸಲು ಅವಕಾಶವಿಲ್ಲದಿದ್ದರೆ ಹೊಂದಾಣಿಕೆ ಎಂದು ಬರೆದುಕೊಳ್ಳಿ. ನಿಮ್ಮ ಕಚೇರಿಯಲ್ಲಿ ಆ ಪದದ ಕೆಳಗೆ ಇದಕ್ಕಿಂತ ದೊಡ್ಡ ಸಂಗತಿಗಳು ಪಾಸಾಗಿವೆ ಎಂದು ಕೇಳಿದ್ದೇನೆ.

ಉದ್ಘಾಟನೆಗೆ ಇನ್ನು ಆರು ದಿನಗಳಿವೆ. ಅಮ್ಮ ಬರುವುದಿಲ್ಲ ಎನ್ನುತ್ತಿದ್ದಾಳೆ. ಹೇಗಾದರೂ ಮಾಡಿ ಕರೆತರುತ್ತೇನೆ. ಅಂದು ನೀವು ರಿಬ್ಬನ್ ಕತ್ತರಿಸಿದ ಮೇಲೆ ವೇದಿಕೆಯಿಂದ ಜನರ ಕಡೆ ಕೈ ಬೀಸುತ್ತೀರಿ. ಆಗ ಗೇಟಿನ ಎದುರು ಬಲಗಡೆಯ ಮೂರನೇ ಬೆಂಚನ್ನು ಒಮ್ಮೆ ನೋಡಿ. ಅಲ್ಲಿ ಕೂತಿರುವ ಹೆಂಗಸು ನಿಮಗೆ ವಾಪಸು ಕೈ ಬೀಸಿದರೆ ನಮ್ಮ ಕೆಲಸವಾಯಿತೆಂದು ತಿಳಿಯಿರಿ. ಬೀಸುವಾಗ ಆ ಕೈ ನಡುವೆ ಸ್ವಲ್ಪ ನಿಂತೀತು. ದಯವಿಟ್ಟು ಕಾಯಿರಿ.

ಇಂತಿ,
ಹನ್ನೊಂದು ವರ್ಷ ತಡವಾಗಿ ಬಾಯಿ ಬಿಟ್ಟ,
ಒಂದು ಕೋಟು ವಾರ್ನಿಷ್ ಹೆಚ್ಚಾಗಿ ಬಳಿದವಳು